ಮಾಂಡೋವಿಯಲ್ಲಿ ಹುಟ್ಟು ಹಾಕಿ ಪಾರ್ಕಿನ್ಸನ್ ಸಂಶೋಧನೆಗೆ ಹಣ ಕೂಡಿಸುವ ಬಗೆ

ಹೊನ್ನಾವರದ ಶರಾವತಿಯಲ್ಲಿ ಹುಟ್ಟು ಹಾಕುತ್ತ ಬೆಳೆದು, ಆಮೇಲೆ ಗೋವಾದ ವಾಸ್ಕೋದ ಮೀನುಗಾರಿಕೆ ಬೋಟುಗಳಲ್ಲಿ ತಂಡೇಲರಾಗಿ, ಅಂದರೆ ಬೋಟು ನಡೆಸುವ ಮುಖ್ಯಸ್ಥರಾಗಿ, ದುಡಿದ ನಮ್ಮ ಅಪ್ಪನಿಗೆ ಪಾರ್ಕಿನ್ಸನ್ ಇದೆಯೆಂದು ವೈದ್ಯರು ಹೇಳುವುದಕ್ಕೆ ಎಷ್ಟೋ ವರ್ಷ ಮೊದಲೇ ಮೀನಿನ ವಾಸನೆ ಅವರ ಮೂಗಿಗೆ ಹತ್ತುವುದು ನಿಂತಿತ್ತು. ಅದು ರೋಗದ ಮುನ್ಸೂಚನೆಯೆಂದು ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ. ಹಗ್ಗದ ಗಂಟು ಬಿಗಿಯಲು ಬೆರಳು ತಡಮಾಡಿದಾಗ ವಯಸ್ಸಾಯಿತೆಂದುಕೊಂಡೆವು, ಸಹಿ ದಿನದಿಂದ ದಿನಕ್ಕೆ ಸಣ್ಣದಾದಾಗ ಕನ್ನಡಕ ಬದಲಿಸಿದೆವು. ಈಗ ಅವರಿಗೆ ಹೊತ್ತುಹೊತ್ತಿಗೆ ಗುಳಿಗೆ ಬೇಕು. ಆದರೆ ದೋಣಿಯಲ್ಲಿ ಕೂರಿಸಿ ಕೈಗೆ ಹುಟ್ಟು ಕೊಟ್ಟರೆ, ನೆಲದ ಮೇಲೆ ತಡವರಿಸುವ ಅದೇ ದೇಹ ಲಯವನ್ನು ಹಿಡಿಯುತ್ತದೆ. ಅದನ್ನು ಕಂಡ ಮೇಲೆ ವಾಸ್ಕೋದ ನಾವು ಕೆಲವು ಕನ್ನಡಿಗ ಗೆಳೆಯರು ಈ ರೋಗದ ಸಂಶೋಧನೆಗೆ ಹಣ ಕೂಡಿಸಲು ಮಾಂಡೋವಿ ನದಿಯಲ್ಲಿ ಎರಡು ದಿನಗಳ ದೋಣಿಯಾನವನ್ನು ಎರಡು ಸಲ ನಡೆಸಿದೆವು. ಗೋವಾ, ಮುಂಬಯಿ, ಪುಣೆಗಳ ಕನ್ನಡ ಸಂಘಗಳಲ್ಲಿ ಇಂಥ ಯೋಚನೆ ಇಟ್ಟುಕೊಂಡವರಿಗೆ ನಮ್ಮ ಅನುಭವ ನೆರವಾಗಲೆಂದು ಇದನ್ನು ಬರೆಯುತ್ತಿದ್ದೇನೆ.

ಹಣದ ದಾರಿ ಮೊದಲು

ದೋಣಿಯ ಮಾತಿಗಿಂತ ಮೊದಲು ಹಣದ ಮಾತನ್ನು ಎತ್ತುವುದಕ್ಕೆ ಕಾರಣವಿದೆ. ಮೊದಲ ಸಲ ನಾವು ಪರಿಚಯದವರ ಮೂಲಕ ಒಂದು ಸಂಸ್ಥೆಯನ್ನು ಗೊತ್ತುಮಾಡಿಕೊಂಡು, ಕರಪತ್ರದಲ್ಲಿ ‘ಸಂಶೋಧನೆಗಾಗಿ’ ಎಂದು ಅಚ್ಚು ಹಾಕಿಸಿ, ಬಂದ ಹಣವನ್ನೆಲ್ಲ ಅಲ್ಲಿಗೆ ಕಟ್ಟಿದೆವು. ಕೆಲವು ತಿಂಗಳ ಮೇಲೆ ವಿಚಾರಿಸಿದರೆ, ಆ ಹಣ ಸಾಮಾನ್ಯ ನಿಧಿಗೆ ಸೇರಿ ವ್ಯಾಯಾಮ ತರಗತಿಗಳಿಗೂ ಕಚೇರಿಯ ಬಾಡಿಗೆಗೂ ಖರ್ಚಾಗಿತ್ತು. ಅದರಲ್ಲಿ ಮೋಸವೇನೂ ಇರಲಿಲ್ಲ. ಯಾವ ಬಾಬಿಗೆ ಎಂದು ನಾವು ಬರೆದುಕೊಟ್ಟಿರಲಿಲ್ಲ, ಅವರೂ ಕೇಳಿರಲಿಲ್ಲ. ಆದರೆ ಮೀನು ಮಾರಿದ ದುಡ್ಡಿನಲ್ಲಿ ನೂರು ರೂಪಾಯಿ ತೆಗೆದು ‘ಔಷಧ ಕಂಡುಹಿಡಿಯಲಿ’ ಎಂದು ಕೊಟ್ಟ ವಾಸ್ಕೋದ ಹೆಂಗಸಿಗೆ ನಾವು ಹೇಳಿದ ಮಾತು ಸುಳ್ಳಾಯಿತು. ಅದರ ನೋವು ನನಗೆ ಇಂದಿಗೂ ಇದೆ.

ಆದ್ದರಿಂದ ರೋಗಿಗಳಿಗೆ ಆಸರೆಯಾಗುವ ಕೆಲಸ ಮತ್ತು ರೋಗದ ಮೂಲವನ್ನು ಹುಡುಕುವ ಕೆಲಸ ಎರಡೂ ಬೇರೆ ಎಂಬುದನ್ನು ನೀವು ಮೊದಲೇ ಮನಸ್ಸಿನಲ್ಲಿ ಸ್ಪಷ್ಟ ಮಾಡಿಕೊಳ್ಳಬೇಕು. ಮುಂಬಯಿಯಲ್ಲಿ 2001ರಲ್ಲಿ ಆರಂಭವಾದ ಪಾರ್ಕಿನ್ಸನ್ಸ್ ಡಿಸೀಸ್ ಅಂಡ್ ಮೂವ್‌ಮೆಂಟ್ ಡಿಸಾರ್ಡರ್ ಸೊಸೈಟಿಯಂಥವು ರೋಗಿಗಳನ್ನೂ ಮನೆಯವರನ್ನೂ ಗುಂಪುಗೂಡಿಸಿ ವ್ಯಾಯಾಮ ಮಾಡಿಸುವ, ಧೈರ್ಯ ತುಂಬುವ ಕೆಲಸಕ್ಕೆ ಹೆಸರಾದವು. ಅದಕ್ಕೆ ಹಣ ಕೂಡಿಸುವುದೂ ಒಳ್ಳೆಯದೇ, ಆದರೆ ಅದನ್ನು ಅದೇ ಹೆಸರಿನಿಂದ ಕರೆಯಬೇಕು. ಸಂಶೋಧನೆ ಎಂದರೆ ಏನೆಂದು ತೋರಿಸಲು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 1995ರಿಂದ ನಡೆಯುತ್ತಿರುವ ಮಾನವ ಮೆದುಳಿನ ಅಂಗಾಂಶ ಸಂಗ್ರಹಾಲಯ ಒಳ್ಳೆಯ ಉದಾಹರಣೆ: ತೀರಿಕೊಂಡವರ ಕುಟುಂಬದವರು ದಾನವಾಗಿ ಕೊಟ್ಟ ಮೆದುಳನ್ನು ಅಲ್ಲಿ ಕಾಪಿಟ್ಟು ಅಧ್ಯಯನಕ್ಕೆ ಒದಗಿಸುತ್ತಾರೆ. ನೀವು ಆರಿಸುವ ಸಂಸ್ಥೆ ಯಾವುದೇ ಇರಲಿ, ಯಾವ ಅಧ್ಯಯನಕ್ಕೆ, ಯಾರ ಮುಂದಾಳುತನದಲ್ಲಿ, ಯಾವ ಬಾಬಿನಲ್ಲಿ ಹಣ ಖರ್ಚಾಗುತ್ತದೆ, ನೈತಿಕ ಸಮಿತಿಯ ಒಪ್ಪಿಗೆ ದೊರೆತಿದೆಯೇ, ಖರ್ಚಿನ ವರದಿ ಯಾವಾಗ ಕೈಸೇರುತ್ತದೆ ಎಂಬುದನ್ನು ಪತ್ರದ ಮೂಲಕ ಕೇಳಿ, ಉತ್ತರವನ್ನೂ ಪತ್ರದಲ್ಲೇ ಪಡೆಯಿರಿ. ಉತ್ತರ ಬರುವ ತನಕ ಕರಪತ್ರವನ್ನು ಅಚ್ಚಿಗೆ ಕಳಿಸಬೇಡಿ.

ಹಣ ನಿಮ್ಮ ಸ್ವಂತ ಖಾತೆಗೆ ಬರಕೂಡದು. ಕೊಡುವವರು ನೇರವಾಗಿ ಸಂಸ್ಥೆಯ ಖಾತೆಗೆ ಕಟ್ಟುವಂತೆ ಮಾಡಿ. 80ಜಿ ಎಂದೇ ಜನರ ಬಾಯಲ್ಲಿರುವ ತೆರಿಗೆ ರಿಯಾಯಿತಿ ಆ ಸಂಸ್ಥೆಗೆ ಇದೆಯೇ, ಅದರ ಅವಧಿ ಮುಗಿದಿಲ್ಲವೇ ಎಂದು ನೋಡಿಕೊಳ್ಳಿ. ನಗದಾಗಿ 2000 ರೂಪಾಯಿ ಮೀರಿ ಕೊಟ್ಟರೆ ಆ ರಿಯಾಯಿತಿ ಸಿಗುವುದಿಲ್ಲ, ಹೊಸ ಪದ್ಧತಿಯಲ್ಲಿ ತೆರಿಗೆ ಕಟ್ಟುವವರಿಗೂ ಸಿಗುವುದಿಲ್ಲ. ಇದನ್ನು ಮುಂಚೆಯೇ ಹೇಳಿಬಿಟ್ಟರೆ ಆಮೇಲೆ ಮುನಿಸು ಹುಟ್ಟುವುದಿಲ್ಲ. ಕೊಲ್ಲಿ ದೇಶಗಳಲ್ಲಿ ದುಡಿಯುವ ನೆಂಟರು ನೆರವಿಗೆ ಬರುವುದು ನಮ್ಮ ಕರಾವಳಿಯವರಲ್ಲಿ ವಾಡಿಕೆ. ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡವರು ತಮ್ಮ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದ ಹಣ ವಿದೇಶಿ ದೇಣಿಗೆ ಎನಿಸುವುದಿಲ್ಲ; ಬೇರೆ ದೇಶದ ಪೌರತ್ವ ಪಡೆದವರು ಕೊಟ್ಟದ್ದು ವಿದೇಶಿ ದೇಣಿಗೆಯೇ ಆಗುತ್ತದೆ, ಅದನ್ನು 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯಡಿ ನೋಂದಾಯಿಸಿದ ಸಂಸ್ಥೆ ಮಾತ್ರ ಅದಕ್ಕೆಂದೇ ಇರುವ ಖಾತೆಯಲ್ಲಿ ಪಡೆಯಬಹುದು. ದೋಣಿಯ ಬಾಡಿಗೆ, ಊಟ, ಟೀ ಶರ್ಟುಗಳ ಖರ್ಚನ್ನು ದೇಣಿಗೆಯಿಂದ ತೆಗೆಯದೆ ತಂಡದವರೇ ಹಂಚಿಕೊಳ್ಳುವುದು ಉತ್ತಮ. ನಾವು ಹಾಗೆ ಮಾಡಿದ ಮೇಲೆ ಕೇಳಲು ಹೋಗುವಾಗ ನಾಲಿಗೆ ತಡವರಿಸಲಿಲ್ಲ.

ಕೇಳುವಾಗ ಹೇಳಬೇಕಾದದ್ದು

ಅಂಗಡಿಯ ಮುಂದೆ ನಿಂತು ಕೇಳುವಾಗ ನಿಮಗೆ ಎರಡು ನಿಮಿಷ ಸಿಗುತ್ತದೆ. ನಾನು ಹೇಳುವುದು ಇಷ್ಟು: ಮೆದುಳಿನ ಆಳದಲ್ಲಿ ಡೋಪಮೀನ್ ಎಂಬ ರಾಸಾಯನಿಕವನ್ನು ತಯಾರಿಸುವ ಕೆಲವು ಕೋಶಗಳಿವೆ, ಕೈಕಾಲಿನ ಚಲನೆ ಸರಾಗವಾಗಿರುವುದು ಅದರಿಂದ, ಪಾರ್ಕಿನ್ಸನ್‌ನಲ್ಲಿ ಆ ಕೋಶಗಳು ಸಾಯುತ್ತ ಹೋಗುತ್ತವೆ, ಕೈ ನಡುಗುವುದು ಕಣ್ಣಿಗೆ ಬೀಳುವ ಹೊತ್ತಿಗೆ ಬಹುಪಾಲು ಕೋಶಗಳು ನಷ್ಟವಾಗಿರುತ್ತವೆ. 1817ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ಈ ರೋಗವನ್ನು ವಿವರಿಸಿ ಬರೆದು ಇನ್ನೂರು ವರ್ಷ ದಾಟಿದೆ. ಈಗಿರುವ ಮದ್ದುಗಳು ಕೊರತೆಯನ್ನು ತುಂಬುತ್ತವೆಯೇ ಹೊರತು ಕೋಶಗಳ ಸಾವನ್ನು ನಿಲ್ಲಿಸುವುದಿಲ್ಲ, ನಿಲ್ಲಿಸುವ ಮದ್ದನ್ನು ಹುಡುಕುವುದಕ್ಕೇ ಈ ಹಣ. ನಮ್ಮ ಊರಿನವರಾದರೆ ನಸುಗುನ್ನಿಯ ಮಾತನ್ನೂ ಸೇರಿಸುತ್ತೇನೆ. ಮೈಗೆ ತಾಗಿದರೆ ಕೆರೆದುಕೊಂಡು ಸಾಕಾಗುವ ಆ ಬಳ್ಳಿಯ ಬೀಜದಿಂದ, ಇಂದು ಪಾರ್ಕಿನ್ಸನ್‌ನ ಮುಖ್ಯ ಮದ್ದಾಗಿರುವ ಲೆವೊಡೋಪಾವನ್ನು 1937ರಲ್ಲಿ ಭಾರತದ ವಿಜ್ಞಾನಿಗಳಾದ ದಾಮೋದರನ್ ಮತ್ತು ರಾಮಸ್ವಾಮಿ ಬೇರ್ಪಡಿಸಿದ್ದರು. ಅದು ಈ ರೋಗಕ್ಕೆ ಮದ್ದಾಗುತ್ತದೆಂದು ತಿಳಿದದ್ದು ಎರಡು ದಶಕ ಕಳೆದ ಮೇಲೆ. ಸಂಶೋಧನೆಗೆ ಕೊಟ್ಟ ಹಣ ತಡವಾಗಿ ಫಲ ಕೊಡುತ್ತದೆ ಎಂಬುದನ್ನು ಜನರಿಗೆ ತಿಳಿಸಲು ಇದಕ್ಕಿಂತ ಒಳ್ಳೆಯ ಕಥೆ ನನಗೆ ಸಿಕ್ಕಿಲ್ಲ. ಗುಳಿಗೆ ಬಿಟ್ಟು ನಸುಗುನ್ನಿ ಪುಡಿ ತಿನ್ನಬಾರದೆಂಬ ಎಚ್ಚರಿಕೆಯನ್ನೂ ಅದೇ ಉಸಿರಿನಲ್ಲಿ ಹೇಳಿ. ಅದರಲ್ಲಿ ಲೆವೊಡೋಪಾ ಎಷ್ಟಿದೆಯೆಂಬ ಅಳತೆ ಒಂದೇ ರೀತಿ ಇರುವುದಿಲ್ಲ.

ತಿಥಿ, ಉಬ್ಬರ, ಗಾಳಿ

ಖಾನಾಪುರ ತಾಲ್ಲೂಕಿನ ಭೀಮಗಡದ ಕಾಡಿನಲ್ಲಿ ಮಹದಾಯಿಯಾಗಿ ಜನಿಸುವ ನದಿಯೇ ಗೋವಾದಲ್ಲಿ ಮಾಂಡೋವಿ. ಅದರ ಕೆಳಭಾಗ ನದಿಯಂತೆ ಕಂಡರೂ ನಡೆಯುವುದು ಕಡಲಿನ ಮಾತಿನಂತೆ. ಮಳೆಗಾಲ ಕಳೆದ ಮೇಲೆ ಉಬ್ಬರದ ನೀರು ಅಳಿವೆಯಿಂದ ಗಾಂಜೆಯವರೆಗೆ ಸುಮಾರು 50 ಕಿ.ಮೀ. ಒಳಗೆ ಏರುತ್ತದೆ. ಹುಟ್ಟು ಹಾಕುವವರಿಗೆ ಇದರ ಅರ್ಥವೇನೆಂದು ಲೆಕ್ಕದಲ್ಲಿ ನೋಡಿ. ನಿಂತ ನೀರಿನಲ್ಲಿ ನಿಮ್ಮ ದೋಣಿ ಗಂಟೆಗೆ 6 ಕಿ.ಮೀ. ಹೋಗುತ್ತದೆ, ನೀರಿನ ಸೆಳೆತ ಗಂಟೆಗೆ 2 ಕಿ.ಮೀ. ಇದೆ ಎಂದುಕೊಂಡರೆ, 24 ಕಿ.ಮೀ. ದಾರಿಗೆ ಸೆಳೆತದ ಜೊತೆ ಹೋದವರಿಗೆ ಮೂರು ಗಂಟೆ, ಎದುರು ಹೋದವರಿಗೆ ಆರು ಗಂಟೆ. ಮೊದಲ ಸಲ ನಾವು ರಜೆಯ ದಿನ ನೋಡಿ ದಿನಾಂಕ ಗೊತ್ತುಮಾಡಿದೆವು. ಅಪ್ಪ ‘ತಿಥಿ ಯಾವುದು?’ ಎಂದು ಕೇಳಿದ್ದನ್ನು ಹಳೆಯ ಕಾಲದ ಮಾತೆಂದು ತಳ್ಳಿಹಾಕಿ, ಮಧ್ಯಾಹ್ನದ ಇಳಿತಕ್ಕೂ ಎದುರುಗಾಳಿಗೂ ಒಟ್ಟಿಗೆ ಸಿಕ್ಕಿದೆವು.

ತಿಥಿಯ ಮಾತಿನಲ್ಲಿ ತಥ್ಯವಿದೆ. ಅಮಾವಾಸ್ಯೆ, ಹುಣ್ಣಿಮೆಗಳ ಮಾರನೆಯ ದಿನಗಳಲ್ಲಿ ಉಬ್ಬರವೂ ಇಳಿತವೂ ದೊಡ್ಡವು, ಸೆಳೆತ ಜೋರು. ಅಷ್ಟಮಿ, ನವಮಿಯ ಆಸುಪಾಸಿನಲ್ಲಿ ಎರಡೂ ಸಣ್ಣವು, ಸೆಳೆತ ಸೌಮ್ಯ. ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷ ಬೇಕಾದ್ದರಿಂದ ಅದರ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಸರಿಯುತ್ತದೆ. ಆರು ಗಂಟೆಗಳ ಏರಿಕೆಯನ್ನು ಹನ್ನೆರಡು ಪಾಲು ಮಾಡಿದರೆ ಮೊದಲ ಗಂಟೆಯಲ್ಲಿ ಒಂದು ಪಾಲು, ಎರಡನೆಯದರಲ್ಲಿ ಎರಡು, ಮೂರು ಮತ್ತು ನಾಲ್ಕನೆಯದರಲ್ಲಿ ಮೂರು ಮೂರು, ಐದರಲ್ಲಿ ಎರಡು, ಆರರಲ್ಲಿ ಒಂದು ಪಾಲು ನೀರು ಏರುತ್ತದೆ ಎಂಬುದು ನಾವಿಕರ ಹಳೆಯ ಅಂದಾಜು. ನಡುವಿನ ಎರಡು ಗಂಟೆಗಳಲ್ಲಿ ನದಿ ನಿಮ್ಮ ಪರವಾಗಿ ಹುಟ್ಟು ಹಾಕುತ್ತದೆಯೆಂದು ತಿಳಿಯಿರಿ.

ಇನ್ನು ಗಾಳಿ. ನವೆಂಬರಿನಿಂದ ಫೆಬ್ರವರಿಯವರೆಗೆ ಬೆಳಗಿನ ಹೊತ್ತು ನೆಲದಿಂದ ಕಡಲಿನ ಕಡೆಗೆ ಮೆಲುವಾದ ಗಾಳಿ ಇರುತ್ತದೆ. ನಡುಹಗಲಿನಿಂದ ಕಡಲಗಾಳಿ ಪಡುವಣದಿಂದ ಏಳುತ್ತದೆ. ನೀರು ಒಂದು ಕಡೆಗೂ ಗಾಳಿ ಎದುರು ಕಡೆಗೂ ಇದ್ದರೆ ಅಲೆಗಳು ಗಿಡ್ಡವಾಗಿ, ಕಡಿದಾಗಿ ಏಳುತ್ತವೆ, ಹುಟ್ಟು ನೀರು ಹಿಡಿಯುವುದಿಲ್ಲ. ಆದ್ದರಿಂದ ಎರಡನೆಯ ಸಲ ನಾವು ಅಷ್ಟಮಿಯ ಹತ್ತಿರದ ದಿನವನ್ನು, ಪಣಜಿಯಲ್ಲಿ ಇಳಿತದ ತಳ ಬೆಳಿಗ್ಗೆ 11ರ ಸುಮಾರಿಗೆ ಬರುವಂತೆ ಆರಿಸಿಕೊಂಡೆವು. ಮೊದಲ ದಿನ ಪಣಜಿಯ ಎದುರಿನ ಬೆತಿಂ ದಡದಿಂದ ಉಬ್ಬರದ ಜೊತೆ ಹೊರಟೆವು. ಕಡಲಗಾಳಿ ಬೆನ್ನಿಗೆ ಸಿಕ್ಕಿತು, ರಾಯ್‌ಬಂದರ್, ಹಳೆ ಗೋವಾ ದಾಟಿ 20 ಕಿ.ಮೀ. ಮೇಲಕ್ಕೆ ಹೋಗಿ ಸಂಜೆಯೊಳಗೆ ದಡ ಸೇರಿದೆವು. ಮರುದಿನ ಸೂರ್ಯೋದಯವಾದ ಕೂಡಲೇ ಇಳಿತದ ಜೊತೆ, ನೆಲಗಾಳಿಯ ಜೊತೆ ಇಳಿದುಬಂದು, ಕಡಲಗಾಳಿ ಏಳುವ ಮೊದಲು ಬೆತಿಂ ಮುಟ್ಟಿದೆವು. ಒಂದು ಸೂಕ್ಷ್ಮವನ್ನು ಮರೆಯಬೇಡಿ: ಉಬ್ಬರ ಮೇಲಿನ ಊರುಗಳಿಗೆ ತಡವಾಗಿ ತಲುಪುವುದರಿಂದ, ಮೇಲಕ್ಕೆ ಹೋಗುವವರಿಗೆ ಅದರ ನೆರವು ಹೆಚ್ಚು ಹೊತ್ತು ಸಿಗುತ್ತದೆ, ಕೆಳಕ್ಕೆ ಬರುವವರಿಗೆ ಇಳಿತ ಬೇಗ ಮುಗಿದುಹೋಗುತ್ತದೆ. ಅದಕ್ಕಾಗಿ ಎರಡನೆಯ ದಿನ ಒಂದು ಗಂಟೆಯನ್ನು ಕೈಯಲ್ಲಿ ಉಳಿಸಿಕೊಂಡೇ ಲೆಕ್ಕ ಹಾಕಬೇಕು. ಪಂಚಾಂಗ ದಿನವನ್ನು ಆರಿಸಲು ಸಾಕು, ಗಂಟೆ ನಿಮಿಷಕ್ಕೆ ಆ ವರ್ಷದ ಮುರ್ಗಾಂವ್ ಬಂದರಿನ ಉಬ್ಬರ ಪಟ್ಟಿಯನ್ನೇ ನೋಡಿ.

ಅಪ್ಪಣೆಗಾಗಿ ಪಣಜಿಯ ಕ್ಯಾಪ್ಟನ್ ಆಫ್ ಪೋರ್ಟ್ಸ್ ಕಚೇರಿಗೆ ಒಂದೆರಡು ತಿಂಗಳು ಮುಂಚೆಯೇ ದಾರಿಯ ನಕ್ಷೆ, ದೋಣಿಗಳ ವಿವರ, ಬೆಂಗಾವಲು ಬೋಟಿನ ವಿವರಗಳೊಡನೆ ಅರ್ಜಿ ಕೊಡಿ. ಪಣಜಿಯ ಮುಂದೆ ಕ್ಯಾಸಿನೊ ಹಡಗುಗಳೂ, ರಾಯ್‌ಬಂದರ್, ಚೋಡಣ, ದಿವಾಡಿಗಳ ನಡುವೆ ಫೆರಿಗಳೂ, ಮೇಲೆ ಬಾರ್ಜುಗಳೂ ಓಡಾಡುತ್ತವೆ; ಅವುಗಳಿಗೆ ದಾರಿ ಬಿಡಬೇಕಾದವರು ನೀವೇ. ಚೋಡಣದ ಸಲೀಂ ಅಲಿ ಪಕ್ಷಿಧಾಮದ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನೊಳಗೆ ಅರಣ್ಯ ಇಲಾಖೆಯ ಅಪ್ಪಣೆಯಿಲ್ಲದೆ ನುಗ್ಗಬಾರದು. ಮಾಂಡೋವಿಯನ್ನು ಜುವಾರಿಗೆ ಕೂಡಿಸುವ ಕುಂಭಾರ್ಜುವೆ ಕಾಲುವೆ ನಕ್ಷೆಯಲ್ಲಿ ಆಸೆ ಹುಟ್ಟಿಸುತ್ತದೆ, ಆದರೆ ಅಲ್ಲಿ ಮೊಸಳೆಗಳಿವೆ, ತಗ್ಗಾದ ದೋಣಿಯಲ್ಲಿ ಹೋಗುವ ಜಾಗ ಅದಲ್ಲ. ಅಗ್ವಾದದ ಅಳಿವೆ ಬಾಗಿಲಿನಿಂದ ಆಚೆಗೆ ಹೊಸಬರು ಹೋಗಲೇಬಾರದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಯೋಚನೆಯೇ ಬೇಡ. 112, 108 ಮತ್ತು ಕೋಸ್ಟ್ ಗಾರ್ಡಿನ 1554, ಈ ಮೂರು ಸಂಖ್ಯೆಗಳನ್ನು ಪ್ರತಿ ದೋಣಿಯಲ್ಲೂ ನೀರು ತಾಗದಂತೆ ಬರೆದು ಅಂಟಿಸಿ.

ದೋಣಿ ಮತ್ತು ಮೈ

ಸ್ಪರ್ಧೆಯ ತೆಳು ದೋಣಿಗಳು ಅಲೆಯಲ್ಲಿ ನಿಲ್ಲುವುದಿಲ್ಲ. ನಾಲ್ವರು ಹುಟ್ಟು ಹಾಕಿ ಒಬ್ಬರು ಚುಕ್ಕಾಣಿ ಹಿಡಿಯುವ, ಅಗಲವಾದ ದೋಣಿ ಎರಡಿದ್ದರೆ ಚೆನ್ನ. 1896ರಲ್ಲಿ ಜಾರ್ಜ್ ಹಾರ್ಬೊ ಮತ್ತು ಫ್ರಾಂಕ್ ಸ್ಯಾಮ್ಯುಯಲ್‌ಸನ್ ನ್ಯೂಯಾರ್ಕಿನಿಂದ ಹೊರಟು 55 ದಿನಗಳಲ್ಲಿ ಇಂಗ್ಲೆಂಡಿನ ಸಿಲ್ಲಿ ದ್ವೀಪಗಳನ್ನು ಮುಟ್ಟಿದ್ದು ತೆರೆದ ಮರದ ದೋಣಿಯಲ್ಲೇ. ಇಂದು ಅಟ್ಲಾಂಟಿಕ್ ಸಾಗರದಲ್ಲಿ ಲಾ ಗೊಮೆರಾ ದ್ವೀಪದಿಂದ ಆ್ಯಂಟಿಗುವಾ ದ್ವೀಪದವರೆಗೆ ಸುಮಾರು 3000 ಮೈಲಿ ದೂರವನ್ನು ದಾಟುವ ತಂಡಗಳು ಎರಡು ಗಂಟೆ ಹುಟ್ಟು, ಎರಡು ಗಂಟೆ ವಿಶ್ರಾಂತಿ ಎಂಬ ಪಾಳಿಯನ್ನು ಹಗಲಿರುಳೂ ನಡೆಸುತ್ತವೆ. ನಮ್ಮ ಬಿಸಿಲಿಗೆ ಅಷ್ಟು ಉದ್ದದ ಪಾಳಿ ಹೊಂದುವುದಿಲ್ಲ. ಇಪ್ಪತ್ತು ನಿಮಿಷಕ್ಕೊಮ್ಮೆ ಒಬ್ಬರನ್ನು ಬದಲಿಸಿದರೆ ನಾಲ್ಕು ಹುಟ್ಟುಗಳೂ ತಾಜಾ ಆಗಿರುತ್ತವೆ.

ಅಭ್ಯಾಸಕ್ಕೆ ನಾಲ್ಕು ತಿಂಗಳು ಬೇಕು. ವಾರಕ್ಕೆ ನಾಲ್ಕು ದಿನ, ಅದರಲ್ಲಿ ಒಂದು ದಿನ ದೀರ್ಘ. ದೀರ್ಘದ ದೂರವನ್ನು ವಾರದಿಂದ ವಾರಕ್ಕೆ ಹತ್ತನೆಯ ಒಂದು ಪಾಲಿಗಿಂತ ಹೆಚ್ಚು ಏರಿಸಬೇಡಿ, ಕೊನೆಯ ಎರಡು ವಾರ ಇಳಿಸಿ. ಪಕ್ಕದವರೊಡನೆ ಮಾತಾಡಲು ಉಸಿರು ಉಳಿಯುವಷ್ಟೇ ಬಿರುಸು ಸಾಕು. ಜಿಮ್ಮಿನ ರೋಯಿಂಗ್ ಮೆಷಿನ್ನಿನಲ್ಲಿ ನಿಮಿಷಕ್ಕೆ 18ರಿಂದ 22 ಎಳೆತ; ಗಾಳಿಚಕ್ರದ ಬದಿಯ ಸನ್ನೆಯನ್ನು 10ಕ್ಕೆ ಏರಿಸಿದರೆ ಶಕ್ತಿ ಬರುತ್ತದೆಂಬುದು ತಪ್ಪು, ಅದರಿಂದ ಸೊಂಟ ಕೆಡುತ್ತದೆ, 3ರಿಂದ 5ರ ನಡುವೆ ಇರಲಿ. ಮೊದಲು ಕಾಲು ಒದೆಯಬೇಕು, ಆಮೇಲೆ ಬೆನ್ನು ತೆರೆಯಬೇಕು, ಕೊನೆಗೆ ತೋಳು. ಹಿಂದಿರುಗುವಾಗ ಇದೇ ತಲೆಕೆಳಗಾಗಿ. ಕೂರುವ ಹಲಗೆ ಜಾರದ ನಮ್ಮ ದೋಣಿಗಳಲ್ಲಿ ಕಾಲು ಒತ್ತಲು ಅಡ್ಡಪಟ್ಟಿ ಇಲ್ಲದಿದ್ದರೆ ಮೊದಲು ಅದನ್ನು ಬಡಿಸಿ, ಇಲ್ಲದಿದ್ದರೆ ಇಡೀ ಭಾರ ಬೆನ್ನಿಗೆ ಬೀಳುತ್ತದೆ. ಪುಣೆಯವರಿಗೆ ಮುಳಾ-ಮುಠಾ ದಡದಲ್ಲಿ 1868ರ ರಾಯಲ್ ಕನಾಟ್ ಬೋಟ್ ಕ್ಲಬ್ಬಿನ ಕಾಲದಿಂದ ದೋಣಿ ನಡೆಸುವ ಪರಂಪರೆಯಿದೆ. ಮುಂಬಯಿಯವರು ಮಾತ್ರ ಹೊಸದಾಗಿ ಕಲಿಯಲು ಕಡಲಿಗಿಳಿಯಬೇಡಿ. ಅಲ್ಲಿ ದೊಡ್ಡ ತಿಥಿಗಳಲ್ಲಿ ನೀರು 5 ಮೀಟರಿನಷ್ಟು ಏರಿಳಿಯುತ್ತದೆ. ತಿನಿಸಿಗೆ ಬಾಳೆಹಣ್ಣು, ಅವಲಕ್ಕಿ, ಕುಡಿಯಲು ಒಂದು ಲೀಟರ್ ನೀರಿಗೆ ಆರು ಚಮಚೆ ಸಕ್ಕರೆ, ಅರ್ಧ ಚಮಚೆ ಉಪ್ಪು; ಬಿರಿಂಡಾ (ಕೋಕಂ) ಪಾನಕ ಬಾಯಿರುಚಿಗೆ.

ಪಾರ್ಕಿನ್ಸನ್ ಇರುವವರು ದೋಣಿ ಹತ್ತುವಾಗ

ಅವರನ್ನು ದಡದಲ್ಲಿ ಕೂರಿಸಿ ಹಾರ ಹಾಕಿ ಮುಗಿಸಬೇಡಿ. ವೈದ್ಯರು ಒಪ್ಪಿದರೆ ದೋಣಿಯಲ್ಲಿ ಜಾಗ ಕೊಡಿ. ಆದರೆ ಅವರ ಗಡಿಯಾರ ಬೇರೆ. ಗುಳಿಗೆಯ ಶಕ್ತಿ ಇರುವ ಹೊತ್ತು, ಅದು ಇಳಿದು ಮೈ ಬಿಗಿಯುವ ಹೊತ್ತು ಎರಡನ್ನೂ ಒಂದು ವಾರ ಬರೆದಿಟ್ಟು, ಅವರ ಪಾಳಿಯನ್ನು ಆ ಲೆಕ್ಕದ ಮೇಲೆ ಹಾಕಿ, ಉಬ್ಬರದ ಲೆಕ್ಕದ ಮೇಲೆ ಅಲ್ಲ. ಪ್ರೋಟೀನ್ ಹೆಚ್ಚಿರುವ ಊಟದ ಜೊತೆ ನುಂಗಿದ ಲೆವೊಡೋಪಾ ಸರಿಯಾಗಿ ಮೈಗೆ ಹತ್ತದೇ ಇರಬಹುದು, ಹಾಗಾಗಿ ಮೀನೂಟ ಪಾಳಿ ಮುಗಿದ ಮೇಲೆ. ಕೂತವರು ಥಟ್ಟನೆ ಎದ್ದರೆ ರಕ್ತದೊತ್ತಡ ಕುಸಿದು ತಲೆ ಸುತ್ತಬಹುದು. ದೋಣಿಯಿಂದ ಇಳಿಯುವಾಗ ಇಬ್ಬರು ಹಿಡಿದಿರಬೇಕು. ಮೂಗಿಗೆ ವಾಸನೆ ತಿಳಿಯದವರು ಬೆಂಗಾವಲು ಬೋಟಿನ ಡೀಸೆಲ್ ಸೋರಿಕೆಯನ್ನು ಗುರುತಿಸಲಾರರು. ದನಿ ತಗ್ಗಿರುವುದರಿಂದ ಕೂಗಿದರೆ ಕೇಳಿಸುವುದಿಲ್ಲ, ಕುತ್ತಿಗೆಗೆ ಸೀಟಿ ಕಟ್ಟಿ.

‘ಇವರು ಮೀನಿನಂತೆ ಈಜುತ್ತಿದ್ದರು’ ಎಂದು ಮನೆಯವರು ಹೇಳಿದರೂ ಜೀವರಕ್ಷಕ ಜಾಕೆಟ್ ಬಿಡಬೇಡಿ. ಮೆದುಳಿನೊಳಗೆ ವಿದ್ಯುದ್ವಾರ ಇಟ್ಟು ಮಾಡುವ ಚಿಕಿತ್ಸೆಯ ಬಳಿಕ ಚೆನ್ನಾಗಿ ಈಜು ಬಲ್ಲ ಒಂಬತ್ತು ಮಂದಿ ಈಜುವ ಶಕ್ತಿಯನ್ನೇ ಕಳೆದುಕೊಂಡದ್ದನ್ನು 2019ರಲ್ಲಿ ಜ್ಯೂರಿಕ್‌ನ ನರವೈದ್ಯರು ವರದಿ ಮಾಡಿದ್ದಾರೆ. ಅವರ ಉಳಿದ ಚಲನೆಗಳು ಸುಧಾರಿಸಿದ್ದವು, ನೀರಿಗಿಳಿದಾಗ ಮಾತ್ರ ಕೈಕಾಲು ಹೊಂದಿಕೆಯಾಗಲಿಲ್ಲ. ನಮ್ಮ ಅಪ್ಪ ಜಾಕೆಟ್ ತೊಡಲು ಒಪ್ಪಲೇ ಇಲ್ಲ, ಅರವತ್ತು ವರ್ಷ ತೊಡದವನು ಈಗೇಕೆ ಎಂದರು. ತಂಡದವರೆಲ್ಲ ತೊಟ್ಟು, ಅವರು ತೊಡುವವರೆಗೆ ಹಗ್ಗ ಬಿಚ್ಚುವುದಿಲ್ಲವೆಂದು ಕುಳಿತ ಮೇಲೆ ಒಪ್ಪಿದರು.

ನೀರಿಗಿಳಿಯದವರಿಗೆ ಯಂತ್ರ

ನದಿಯ ದೋಣಿಯಾನವನ್ನು ಜನ ನೋಡುತ್ತಾರೆ. ಯಂತ್ರದ ಮೇಲಿನ ದೋಣಿಯಾನದಲ್ಲಿ ಜನ ತಾವೇ ಕೂರುತ್ತಾರೆ. ಹಣದ ದೃಷ್ಟಿಯಿಂದ ಎರಡನೆಯದೇ ಮೇಲೆಂದು ನನ್ನ ಅನುಭವ. ಸಂಘದ ಸಭಾಭವನದಲ್ಲಿ ಎರಡು ರೋಯಿಂಗ್ ಮೆಷಿನ್ ಇಟ್ಟು, ಪಣಜಿಯಿಂದ ಬೆಂಗಳೂರಿನ ಸುಮಾರು 600 ಕಿ.ಮೀ. ದೂರವನ್ನು ಸರದಿಯ ಮೇಲೆ ಎಳೆಯಿರಿ. ಒಬ್ಬೊಬ್ಬರಿಗೆ 5 ಕಿ.ಮೀ. ಎಂದರೆ 120 ಸರದಿ. ಸರದಿಗೆ ಅರ್ಧ ಗಂಟೆಯಂತೆ ಎರಡು ಯಂತ್ರಗಳಲ್ಲಿ 30 ಗಂಟೆ, ಅಂದರೆ ದಿನಕ್ಕೆ 15 ಗಂಟೆಯಂತೆ ಒಂದು ಶನಿವಾರ, ಒಂದು ಭಾನುವಾರ. ಪ್ರತಿಯೊಬ್ಬರೂ ತಮ್ಮ ಐದು ಕಿಲೋಮೀಟರಿಗೆ ಐದು ಜನರಿಂದ ದೇಣಿಗೆಯ ಮಾತು ಪಡೆದು ಬರಲಿ. ಐದು ಕಿ.ಮೀ. ಆಗದ ಅಜ್ಜಿಗೆ ಐನೂರು ಮೀಟರ್ ಸಾಕು, ಉಳಿದದ್ದನ್ನು ಮೊಮ್ಮಗ ಎಳೆಯಲಿ. ಜೇಮ್ಸ್ ಪಾರ್ಕಿನ್ಸನ್ ಹುಟ್ಟಿದ ಏಪ್ರಿಲ್ 11 ವಿಶ್ವ ಪಾರ್ಕಿನ್ಸನ್ ದಿನ. ಆಗ ಮಾಂಡೋವಿಯಲ್ಲಿ ಬಿಸಿಲು ವಿಪರೀತ, ಹಾಗಾಗಿ ನದಿಯದನ್ನು ಜನವರಿಗೂ ಯಂತ್ರದ್ದನ್ನು ಏಪ್ರಿಲ್‌ಗೂ ಇಟ್ಟುಕೊಳ್ಳುವುದು ಅನುಕೂಲ.

ಮುಗಿದ ಮೇಲೆ ಒಂದು ತಿಂಗಳೊಳಗೆ ಬಂದದ್ದೆಷ್ಟು, ಸಂಸ್ಥೆಯ ಖಾತೆಗೆ ಮುಟ್ಟಿದ್ದೆಷ್ಟು ಎಂಬ ಒಂದು ಪುಟದ ಲೆಕ್ಕವನ್ನು ಬ್ಯಾಂಕಿನ ಪಟ್ಟಿಯೊಡನೆ ಎಲ್ಲರಿಗೂ ಕಳಿಸಿ. ಸಂಸ್ಥೆಯ ಖರ್ಚಿನ ವರದಿ ಬಂದಾಗ ಅದನ್ನು ಕನ್ನಡಕ್ಕೆ ಇಳಿಸಿ ಮತ್ತೆ ಕಳಿಸಿ. ವಾಟ್ಸ್‌ಆ್ಯಪ್ ಇಲ್ಲದವರ ಮನೆಗೆ ಕಾಗದದಲ್ಲಿ ಒಯ್ಯಿರಿ. ಎರಡನೆಯ ಸಲದ ವರದಿಯನ್ನು ನಾನು ವಾಸ್ಕೋದ ಮೀನು ಮಾರುಕಟ್ಟೆಗೆ ಒಯ್ದು, ಮೊದಲ ಸಲ ನೂರು ರೂಪಾಯಿ ಕೊಟ್ಟಿದ್ದ ಹೆಂಗಸಿಗೆ ಆಗಿನ ತಪ್ಪನ್ನೂ ಈಗಿನ ಲೆಕ್ಕವನ್ನೂ ಓದಿ ಹೇಳಿದೆ. ಅವರು ಕಾಗದವನ್ನು ಮಡಿಚಿ ಹಣದ ಚೀಲದೊಳಗೆ ಇಟ್ಟುಕೊಂಡು, ಮುಂದಿನ ಸಲ ಯಾವ ತಿಂಗಳೆಂದು ಕೇಳಿದರು.